ಬಣ್ಣ ತಿನ್ನುವ ನೀರು

“ಇಟ್ಟಿಗೆ! ಸಾರ್, ಇಟ್ಟಿಗೆ!”

ಅತ್ತಿಗೆಯ ಕೂಗು ಮುಗಿಯುವ ಮೊದಲೇ ಕ್ಲಬ್ಬಿನ ಕಾರ್ಯದರ್ಶಿಗಳ ಹಿಮ್ಮಡಿ ಇಟ್ಟಿಗೆಗೆ ತಾಗಿತ್ತು. ಕಬ್ಬಿಣದ ಬಾಗಿಲು ತನ್ನ ಭಾರಕ್ಕೆ ತಾನೇ ಬಂದು ಧಡ್ಡನೆ ಕೂತಿತು. ಹೊರಗಡೆ ಚಿಲಕ ಕಚ್ಚಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಈಜುಕೊಳದ ಪಂಪಿನ ಕೋಣೆ ಅದು. ನೆಲದ ಕೆಳಗಿತ್ತು, ಕೊಳದ ಗೋಡೆಗೆ ಅಂಟಿಕೊಂಡಂತೆ. ಬಾಗಿಲಿಗೆ ಒಳಗಿನಿಂದ ಹಿಡಿಯೇ ಇರಲಿಲ್ಲ. ಕೊಳ ನೋಡಿಕೊಳ್ಳುತ್ತಿದ್ದ ಅವಳ ಮೈದುನ ಹೊಸ್ತಿಲಲ್ಲಿ ಇಟ್ಟಿಗೆ ಇಡದೆ ಒಳಗೆ ಕಾಲಿಟ್ಟವನಲ್ಲ. “ದೇವರಿಗೆ ಕೈ ಮುಗಿಯೋದು ಮರೆತರೂ ಪರವಾಗಿಲ್ಲ ಅತ್ತಿಗೆ, ಇಟ್ಟಿಗೆ ಮಾತ್ರ ಮರೀಬೇಡಿ” ಎಂದು ನಿನ್ನೆ ಲಾಕಪ್ಪಿನ ಸರಳುಗಳ ಹಿಂದಿನಿಂದ ಹೇಳಿ ಕಳಿಸಿದ್ದ.

ಪೊಲೀಸ್ ಬೆರಳಚ್ಚು ವಿಭಾಗದ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದ ಮೇಲೆ ಠಾಣೆಗೂ ಊರಿಗೂ ಅವಳು ಅತ್ತಿಗೆಯೇ. ಎಷ್ಟೋ ಮನೆಗಳ ಗುಟ್ಟು ಬಿಡಿಸಿದ್ದಳು. ಈ ಸಲ ಮಾತ್ರ ಬೇಡಿ ಬಿದ್ದಿದ್ದು ತನ್ನ ಮನೆಯ ಕೈಗೇ.

ಮೊನ್ನೆ ಬೆಳಗ್ಗೆ ಕ್ಲಬ್ಬಿನ ಈಜು ಕೋಚ್ ಹಾಲು ಚೆಲ್ಲಿದಂತೆ ಬೆಳ್ಳಗಾದ ಈ ನೀರಿನ ಮೇಲೆ ಹೆಣವಾಗಿ ತೇಲಿದ್ದರು. ಕೊಳವನ್ನು ಪಾಚಿಗಟ್ಟಲು ಬಿಟ್ಟು, ಮುಳುಗುವವರು ಕಾಣದಂತೆ ಮಾಡಿದವನು ಎಂದು ಮೈದುನನನ್ನು ಹಿಡಿದರು. ಇವತ್ತು ಮಧ್ಯಾಹ್ನದೊಳಗೆ ಬೇರೇನೂ ಸಿಗದಿದ್ದರೆ ಅವನು ಲಾಕಪ್ಪಿನಿಂದ ಜೈಲಿಗೆ. ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: “ಅವನನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ನೀನೂ ಬರಬೇಡ.”

“ಅಯ್ಯೋ, ಕಾಲು ತಾಗಿತು ಅಷ್ಟೆ” ಎಂದರು ಕಾರ್ಯದರ್ಶಿಗಳು. ಕ್ಲಬ್ಬಿನ ಹುಲ್ಲುಕಡ್ಡಿಯೂ ಅವರ ಅಪ್ಪಣೆಯಿಲ್ಲದೆ ಅಲುಗಾಡದು. ಈಗ ಆ ಗತ್ತು ಇರಲಿಲ್ಲ. ಕತ್ತಿನ ಬೆವರನ್ನು ಕರವಸ್ತ್ರದಲ್ಲಿ ಒತ್ತಿಕೊಳ್ಳುತ್ತಿದ್ದರು. “ಕೂಗಿ ಮೇಡಂ. ಇನ್ಸ್‌ಪೆಕ್ಟರು ಮೇಲೇ ಇದ್ದಾರಲ್ಲ.”

ಅತ್ತಿಗೆ ಕೂಗಿದಳು. ಬಾಗಿಲು ಬಡಿದಳು. ಫೋನು ತೆಗೆದು ನೋಡಿದರೆ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಇನ್ಸ್‌ಪೆಕ್ಟರು ಮೈದುನನನ್ನು ಕೂರಿಸಿಕೊಂಡು ಕೊಳದ ಆಚೆ ತುದಿಯ ಬೆಂಚಿನ ಮೇಲಿದ್ದರು. ನಡುವೆ ಇಷ್ಟು ನೀರು, ಇಷ್ಟು ಸಿಮೆಂಟು.

“ಸುಮ್ನೆ ಗಂಟಲು ಯಾಕೆ ಹರ್ಕೊಳೋದು” ಎಂದಳು. “ನಮ್ಮ ಯಜಮಾನರು ಮೇಲೆ ಸ್ವಿಚ್ಚಿನ ಪೆಟ್ಟಿಗೆ ಹತ್ರ ನಿಂತಿದ್ದಾರೆ. ತಡ ಆದ್ರೆ ಅವರೇ ಹುಡುಕ್ಕೊಂಡು ಬರ್ತಾರೆ.”

ಗಂಡನನ್ನು ಅಲ್ಲಿ ನಿಲ್ಲಿಸಿದವಳು ಅವಳೇ. ತಮ್ಮನಿಗೆ ತಿಂಡಿ ತಂದವರು ಸುಮ್ಮನೆ ಕೂರುವುದೇಕೆ ಎಂದು. “ಪಂಪು ಯಾರೂ ಹಾಕಬಾರದು ರೀ. ಹಾಕಿದ್ರೆ ತಳಕ್ಕೆ ಕೂತಿದ್ದೆಲ್ಲ ಮತ್ತೆ ಎದ್ದು ರಾತ್ರಿಯ ಕೆಲಸ ನೀರಿಗೆ ಬಿತ್ತು.” ಅವರು ತಲೆಯಾಡಿಸಿದ್ದರು. ಕಣ್ಣು ಇನ್ನೂ ಕೆಂಪಗಿತ್ತು. ತಮ್ಮನ ಚಿಂತೆಗೆ ನಿದ್ದೆಯಿಲ್ಲ ಪಾಪ. ಎರಡು ದಿನದಿಂದ ಅವಳೇ ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಒಂದು ಕಾಲಕ್ಕೆ ಸತ್ತ ಕೋಚಿನ ಜೊತೆ ಒಂದೇ ತಂಡದಲ್ಲಿ ಈಜಿದ ಮನುಷ್ಯ. ಮದುವೆಯಾದ ಮೇಲೆ ನೀರಿಗಿಳಿದದ್ದನ್ನು ಅವಳು ಕಂಡಿರಲಿಲ್ಲ; ಕೋಚಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

ಟಾರ್ಚಿನ ಬೆಳಕು ಕೋಣೆಯನ್ನು ಸುತ್ತಿತು. ಪಂಪು, ಮರಳು ತುಂಬಿದ ದಪ್ಪ ಫಿಲ್ಟರು, ಮೂರು ವಾಲ್ವುಗಳು. ವಾಲ್ವಿನ ಹಿಡಿಗಳಿಗೆ ಇನ್ಸ್‌ಪೆಕ್ಟರು ತಂತಿ ಸುತ್ತಿ ಅರಗಿನ ಮೊಹರು ಒತ್ತಿದ್ದರು. ಒಂದು ಮೂಲೆಯಲ್ಲಿ ಆಸಿಡ್ಡಿನ ಕ್ಯಾನು, ಎದುರು ಮೂಲೆಯಲ್ಲಿ ಕ್ಲೋರಿನ್ ಪುಡಿಯ ಡ್ರಮ್ಮು. “ಅವೆರಡೂ ಅತ್ತೆ ಸೊಸೆ ಇದ್ದ ಹಾಗೆ ಅತ್ತಿಗೆ. ಬೇರೆ ಬೇರೆ ಇದ್ರೆ ಮನೆ ಬೆಳಗುತ್ತೆ, ಒಂದೇ ಪಾತ್ರೇಲಿ ಬಿದ್ರೆ ಹೊಗೆ” ಎಂಬುದು ಮೈದುನನ ಹಳೇ ತಮಾಷೆ.

ಹೊಗೆಯೇನು, ಇವತ್ತು ಬೆಳಗ್ಗೆಯೇ ಎದ್ದಿತ್ತು. “ಅದೆಂಥ ಸೋಪು ಹಾಕ್ತೀಯೇ? ನನ್ನ ದೊಡ್ಡ ಮಗನ ಕರೀ ಬನಿಯನ್ನು ನೋಡು, ತುಕ್ಕು ಹಿಡಿದ ತಗಡಿನ ಹಾಗಾಗಿದೆ!” ಎಂದು ಅತ್ತೆ ಬನಿಯನ್ನನ್ನು ಅವಳ ಮುಖದೆದುರೇ ಆಡಿಸಿದ್ದರು. ಕಿರಿಮಗ ಲಾಕಪ್ಪಿನಲ್ಲಿದ್ದರೂ ಸೊಸೆಯ ಸೋಪಿನ ಲೆಕ್ಕ ತಪ್ಪಿರಲಿಲ್ಲ ಆ ತಾಯಿಗೆ.

ಗೋಡೆಯ ಹಲಗೆಯ ಮೇಲೆ ಮೈದುನನ ಉಪಕರಣಗಳು ಮೊಳೆಗೆ ತೂಗಿದ್ದವು. ಒದ್ದೆ ಕೈ ಜಾರದಿರಲೆಂದು ಪ್ರತಿಯೊಂದರ ಹಿಡಿಗೂ ಅತ್ತೆಯ ಹಳೇ ನೀಲಿ ಸೀರೆಯ ಪಟ್ಟಿ. ಕೊನೆಯಲ್ಲಿ ಅವರೇ ಹಾಕಿಕೊಟ್ಟ, ನಿಂಬೆಹಣ್ಣಿನಷ್ಟು ದಪ್ಪನೆಯ ಗಂಟು. ಒಂದು ಮೊಳೆ ಮಾತ್ರ ಖಾಲಿ. ನಿನ್ನೆಯೇ ಕೇಳಿದ್ದಳು. “ದೊಡ್ಡ ಸ್ಕ್ರೂಡ್ರೈವರ್ರು ಅಲ್ವಾ? ಮನೇಲಿದೆ ಅತ್ತಿಗೆ. ಬೀರು ಬಾಗಿಲು ಸರಿ ಮಾಡೋಕೆ ಒಯ್ದಿದ್ದೆ” ಎಂದಿದ್ದ.

ಎದುರು ಗೋಡೆಯಲ್ಲಿತ್ತು ದುಂಡನೆಯ ದಪ್ಪ ಗಾಜಿನ ಕಿಟಕಿ. ಈಜುವವರ ಕಾಲಾಟ ಹೇಗಿದೆ ಎಂದು ಕೋಚ್ ನೀರಿನೊಳಕ್ಕೆ ನೋಡುತ್ತಿದ್ದದ್ದು ಅಲ್ಲಿಂದಲೇ. ಕೊಳದ ಅತಿ ಆಳದ ಭಾಗ ಅದರ ಎದುರಿಗೇ ಬರುತ್ತಿತ್ತು.

ನಿನ್ನೆ ಸಂಜೆ ಆ ಗಾಜು ಸುಣ್ಣ ಬಳಿದ ಗೋಡೆಯಂತಿತ್ತು. ಮೈದುನ ಹೇಳಿದ ಕ್ರಮದಲ್ಲೇ ಮೊದಲು ಅಳೆದು ಆಸಿಡ್ಡು, ಆಮೇಲೆ ಪಟಿಕದ ನೀರು. ಪಂಪು ಹಾಕದೆ ಉದ್ದನೆಯ ಕೋಲಿನಿಂದಲೇ ಒಂದಿಷ್ಟು ಹೊತ್ತು ಕಲೆಸಿ ಬಿಟ್ಟಿದ್ದಾಯಿತು. ರಾತ್ರಿಯೆಲ್ಲ ಬೆಳ್ಳನೆಯದು ಮುದ್ದೆಗಟ್ಟಿ ತಳಕ್ಕಿಳಿಯುತ್ತಿತ್ತು. ಈಗ ಕಿಟಕಿಯ ಮೇಲರ್ಧ ತಿಳಿಯಾಗಿ ಬಿಸಿಲಿನ ಕೋಲುಗಳು ಕಾಣುತ್ತಿದ್ದವು. ಕೆಳಗೆ ಇನ್ನೂ ಮಂಜು.

ಪದ್ಯ ಓದುವವರು ಕೊನೆಯ ಸಾಲಿಗೆ ಮೊದಲು ಉಸಿರು ಹಿಡಿದು ನಿಲ್ಲುತ್ತಾರಲ್ಲ, ನೀರು ಹಾಗೆ ನಿಂತಿತ್ತು.

“ನಾನು ಮೊದಲೇ ಹೇಳಿದೆ” ಎಂದರು ಕಾರ್ಯದರ್ಶಿಗಳು, ಕಿಟಕಿಗೆ ಬೆನ್ನು ಹಾಕಿ. “ನೀರು ಖಾಲಿ ಮಾಡಿಸಿ ಅಂತ. ಆಗಿದ್ರೆ ಈ ಪಾಡು ಇರ್ತಿರಲಿಲ್ಲ.”

“ಮಳೆಗಾಲ ಮುಗಿದು ನೆಲವೆಲ್ಲ ನೀರು ಕುಡಿದು ಕೂತಿದೆ ಸಾರ್. ಕೊಳ ಖಾಲಿ ಮಾಡಿದ್ರೆ ಅಡಿಯಿಂದ ಒತ್ತಿ ತಳ ಬಿರಿಯುತ್ತೆ. ತಳ ಬಿರಿದ್ರೆ ತಳದಲ್ಲಿ ಏನಿತ್ತು ಅಂತ ಯಾರಿಗೆ ಗೊತ್ತಾಗುತ್ತೆ?” ಅತ್ತಿಗೆ ಟಾರ್ಚನ್ನು ಪಂಪಿನ ಮೇಲಿಟ್ಟಳು. “ಅದಿರಲಿ. ನೀವು ಈ ಕೋಣೆಗೆ ಬಂದಿದ್ದು ಇದೇ ಮೊದಲು ಅಲ್ವಾ?”

“ನಾನ್ಯಾಕೆ ಬರಲಿ ಇಲ್ಲಿಗೆ? ಕಾರ್ಯದರ್ಶಿ ಕೆಲಸ ಮೇಜಿನ ಹಿಂದೆ.”

“ಬಾಗಿಲಿನ ಒಳಗೆ ಕಾಲಿಟ್ಟ ಕೂಡಲೇ ತಲೆ ಮಟ್ಟಕ್ಕೆ ಒಂದು ಪೈಪಿದೆ ನೋಡಿ. ನಿನ್ನೆ ನನ್ನ ಹಣೆಗೆ ಬಡೀತು. ಇನ್ಸ್‌ಪೆಕ್ಟರ ಟೋಪಿ ಬಿತ್ತು. ಇಗೋ, ಬುಗುಟು ಇನ್ನೂ ಇದೆ.” ಅವಳು ಹಣೆ ಮುಟ್ಟಿಕೊಂಡಳು. “ಇವತ್ತು ನನ್ನ ಟಾರ್ಚು ಆ ಕಡೆ ಇತ್ತು. ಜೋಪಾನ ಅನ್ನೋಣ ಅಂತ ತಿರುಗೋದ್ರೊಳಗೆ ನೀವು ಕತ್ತಲಲ್ಲೇ ಬಗ್ಗಿ ದಾಟಿದ್ರಿ.”

ಕಾರ್ಯದರ್ಶಿಗಳು ನಕ್ಕರು. “ಉದ್ದ ಇರೋರು ಬಗ್ಗೋದು ಅಭ್ಯಾಸ ಕಣಮ್ಮ.”

“ಇರಬಹುದು.” ಅವಳು ಕೈಚೀಲದಿಂದ ಒಂದು ಕಂದು ಬಾಟಲಿ ತೆಗೆದಳು. “ಇದು ಮೊನ್ನೆ ಬೆಳಗ್ಗೆಯ ನೀರು, ಹೆಣ ಎತ್ತಿದಾಗ ಇನ್ಸ್‌ಪೆಕ್ಟರು ತುಂಬಿಸಿಟ್ಟಿದ್ದು. ನೀವು ಅವರೆದುರಿಗೇ ಪರೀಕ್ಷೆ ಮಾಡಿ ತೋರಿಸಿದ್ರಂತೆ, ಈ ನೀರಲ್ಲಿ ಕ್ಲೋರಿನ್ನೇ ಇಲ್ಲ ಅಂತ.”

“ಹೂಂ. ಮಾತ್ರೆ ಹಾಕಿದೆ, ಗುಲಾಬಿ ಬಣ್ಣ ಬರಲೇ ಇಲ್ಲ. ನಿಮ್ಮ ಮೈದುನ ರಜಾ ಹಾಕೋ ಮುಂಚೆ ಚಿಟಿಕೆ ಪುಡೀನೂ ಹಾಕಿಲ್ಲ. ಕ್ಲೋರಿನ್ ಇಲ್ಲ, ಅದಕ್ಕೇ ಪಾಚಿ. ಪಾಚಿ ಹಸಿರಾಗೋ ಮುಂಚೆ ನೀರು ಹೀಗೇ ಬೆಳ್ಳಗೆ ಕದಡೋದು. ಮಗೂಗೂ ಅರ್ಥ ಆಗುತ್ತೆ.”

“ನೋಡೋಣ.”

ಅವಳು ಪುಟ್ಟ ಗಾಜಿನ ನಳಿಗೆಗೆ ಬಾಟಲಿಯ ನೀರು ಬಗ್ಗಿಸಿ ಮಾತ್ರೆ ಹಾಕಿ ಅಲುಗಿಸಿದಳು. ಟಾರ್ಚಿನ ಬೆಳಕಿಗೆ ಹಿಡಿದಳು. ಕಣ್ಣು ಮಿಟುಕಿಸುವಷ್ಟು ಹೊತ್ತು ಗುಲಾಬಿ ಮಿಂಚಿತು, ಮಿಂಚಿ ಹೋಯಿತು. ನೀರು ಬಣ್ಣವಿಲ್ಲದೆ ನಿಂತಿತು.

“ನಾನು ಹೇಳಿಲ್ವಾ?”

“ತಾಳಿ.” ನಳಿಗೆ ತೊಳೆದು ಈ ಸಲ ಬಾಟಲಿಯ ನೀರು ಒಂದೆರಡು ಹನಿಯಷ್ಟೇ ಹಾಕಿ, ಮಿಕ್ಕಿದ್ದಕ್ಕೆ ತಾನು ತಂದ ಕುಡಿಯುವ ನೀರು ತುಂಬಿಸಿದಳು. ಮತ್ತೊಂದು ಮಾತ್ರೆ. ನಳಿಗೆ ಮೊದಲು ತಿಳಿಗುಲಾಬಿಯಾಯಿತು. ಆಮೇಲೆ ಬೀಟ್‌ರೂಟ್ ಕೊಯ್ದ ಕೈಯಂತೆ ಕೆಂಪಾಯಿತು. ಹಾಗೇ ಉಳಿಯಿತು.

ಕಾರ್ಯದರ್ಶಿಗಳು ಕರವಸ್ತ್ರವನ್ನು ಇನ್ನೊಮ್ಮೆ ಮಡಿಸಿದರು.

“ಕ್ಲೋರಿನ್ ಇಲ್ದೆ ಇದ್ರೆ ಬಣ್ಣ ಬರಲ್ಲ. ವಿಪರೀತ ಇದ್ರೂ ಬರಲ್ಲ. ಜಾಸ್ತಿ ಕ್ಲೋರಿನ್ನು ಬಣ್ಣವನ್ನೇ ತಿಂದುಬಿಡುತ್ತೆ ಸಾರ್. ಡಬ್ಬಿ ಮುಚ್ಚಳದ ಮೇಲೇ ಬರೆದಿದೆ. ಕನ್ನಡಕ ಮನೇಲಿ ಬಿಟ್ಟು ಬಂದಿದ್ರಾ?” ಅವಳ ದನಿ ಏರಲಿಲ್ಲ. “ನನ್ನ ಮೈದುನ ರಜಾ ಹೋಗೋ ಸಂಜೆ ಡ್ರಮ್ಮಿನಿಂದ ಧಾರಾಳವಾಗಿಯೇ ಸುರಿದಿದ್ದ. ಮಾರನೇ ದಿನ ಕೊಳ ಬಂದ್, ಯಾರೂ ಇಳಿಯಲ್ಲ ಅಂತ. ಇಷ್ಟು ಕ್ಲೋರಿನ್ ಇರೋ ನೀರಲ್ಲಿ ಪಾಚಿ ಹುಟ್ಟಲ್ಲ. ಹಾಗಾದ್ರೆ ನೀರು ಬೆಳ್ಳಗಾಗಿದ್ದು ಹೇಗೆ?”

ಅವಳು ಬಾಟಲಿಯ ತಳದ ಗಸಿಯನ್ನು ಬೆರಳಿಗೆ ತೆಗೆದುಕೊಂಡು ತಿಕ್ಕಿದಳು. “ಪಾಚಿ ಆದ್ರೆ ಲೋಳೆ ಲೋಳೆ ಇರಬೇಕು. ಇದು ನೀರು ಕಾಯಿಸೋ ಪಾತ್ರೆಯ ಕಿಟ್ಟದ ಹಾಗೆ ಕರಕರ ಅಂತಿದೆ.” ಗಸಿಯನ್ನು ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಒರೆಸಿ ಆಸಿಡ್ಡಿನ ಒಂದೇ ಹನಿ ಬಿಟ್ಟಳು. ಚುಯ್ ಎಂದು ನೊರೆಯೆದ್ದಿತು.

“ಬಟ್ಟೆ ಒಗೆಯೋ ಸೋಡಾ. ನಿಮ್ಮ ಬೋರಿನ ಗಡಸು ನೀರಿಗೆ ಮೂಟೆ ಸೋಡಾ ಬಿದ್ರೆ ಕ್ಷಣದಲ್ಲಿ ಹಾಲು. ಯಾರೋ ಬೇಕು ಅಂತಲೇ ಕದಡಿದ್ದಾರೆ. ಕದಡೋರು ಯಾಕೆ ಕದಡ್ತಾರೆ ಸಾರ್? ತಳ ಕಾಣಬಾರದು ಅಂತ.”

ಕಿಟಕಿಯಲ್ಲಿ ಮಂಜು ಇನ್ನೊಂದು ಗೇಣು ಕೆಳಗಿಳಿದಿತ್ತು.

“ಕಾಲು ತಾಗಿ ಇಟ್ಟಿಗೆ ಸರಿದಿದ್ದೂ ಅಲ್ಲ” ಎಂದಳು.

ಕಾರ್ಯದರ್ಶಿಗಳು ಫಿಲ್ಟರಿಗೆ ಒರಗಿ, ನಿಧಾನವಾಗಿ ಜಾರಿ, ನೆಲದ ಮೇಲೆ ಕೂತರು. ಇಸ್ತ್ರಿಯ ಪ್ಯಾಂಟಿಗೆ ಕೆಸರು ಹತ್ತಿದ್ದೂ ಗಮನಕ್ಕೆ ಬರಲಿಲ್ಲ.

“ನಿಮ್ಮ ಹತ್ರ ಒಬ್ಬರೇ ಮಾತಾಡಬೇಕಿತ್ತು. ಇನ್ಸ್‌ಪೆಕ್ಟರು ನೋಡೋ ಮುಂಚೆ.” ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. “ಸೋಡಾ ಹಾಕಿದ್ದು ನಾನು. ಕೊಂದಿದ್ದು ನಾನಲ್ಲ. ನನ್ನ ಮಕ್ಕಳಾಣೆ.”

“ಮಕ್ಕಳನ್ನ ಎಳೀಬೇಡಿ. ನಡೆದಿದ್ದು ಹೇಳಿ.”

“ಮೊನ್ನೆ ಬೆಳಕು ಹರಿಯೋ ಹೊತ್ತಿಗೆ ಬಂದೆ. ಕೊಳ ಬಂದ್ ಇರಬೇಕಾದ ದಿನ ಪಂಪು ಓಡ್ತಾ ಇತ್ತು. ನೀರು ಕನ್ನಡಿ ಹಾಗಿತ್ತು. ಕೋಚ್ ಆ ಆಳದಲ್ಲಿ... ತಳಕ್ಕೆ ಬೆನ್ನು ಅಂಟಿಸಿಕೊಂಡು, ನನ್ನನ್ನೇ ನೋಡ್ತಿದ್ದ ಹಾಗೆ ಇದ್ರು. ಓಡಿ ಹೋಗಿ ಮೇಲಿನ ಸ್ವಿಚ್ಚು ಆರಿಸಿದೆ. ಆರಿಸಿದ ಕೂಡಲೇ ಹೆಣ ಬಿಟ್ಟುಕೊಂಡು ಮೇಲಕ್ಕೆ ಬಂತು. ಬಾವಿ ಕೊಡ ಬಂದ ಹಾಗೆ.”

ಹೆಣದ ಬೆನ್ನ ಮೇಲಿದ್ದ, ತಟ್ಟೆಯಷ್ಟು ದುಂಡನೆಯ ಕೆಂಪು ಗುರುತು ಅತ್ತಿಗೆಯ ಕಣ್ಣಿಗೆ ಕಟ್ಟಿತು. ಕೊಳದ ಅಂಚು ಒತ್ತಿದ್ದು ಎಂದು ಇನ್ಸ್‌ಪೆಕ್ಟರು ತಳ್ಳಿಹಾಕಿದ್ದರು. ಅವಳು ಒಪ್ಪಿರಲಿಲ್ಲ.

“ತಳದಲ್ಲಿ ಪಂಪು ನೀರೆಳೆಯೋ ತೂತಿನ ಜಾಲರಿ.”

“ಬಿಚ್ಚಿತ್ತು” ಎಂದರು ಕಾರ್ಯದರ್ಶಿಗಳು. “ಇಲ್ಲಿಗೆ ಇಳಿದು ಬಂದು ಈ ಕಿಟಕೀಲಿ ನೋಡಿದೆ. ಜಾಲರಿ ಪಕ್ಕಕ್ಕೆ ಇತ್ತು, ತೂತು ಬಾಯಿ ತೆರೆದಿತ್ತು.”

ವಾಲ್ವುಗಳತ್ತ ತಿರುಗಿ ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಮೊಹರು ಬೀಳುವ ಮೊದಲೇ ಯಾರೋ ಮೇಲಿನ ಎರಡು ಮುಚ್ಚಿ, ತಳದ್ದೊಂದನ್ನೇ ಪೂರ್ತಿ ತೆರೆದಿಟ್ಟಿದ್ದರು. ಇಡೀ ಪಂಪಿನ ಎಳೆತ ಆ ಒಂದೇ ತೂತಿಗೆ. ಜಾಲರಿ ಇದ್ದರೆ ನೀರಷ್ಟೇ ಹೋಗುತ್ತದೆ. ಇಲ್ಲದಿದ್ದರೆ ಹತ್ತಿರ ಹೋದ ಮೈಯನ್ನು ಅದು ಮುಚ್ಚಳದಂತೆ ಎಳೆದು ಅಂಟಿಸಿಕೊಳ್ಳುತ್ತದೆ. ಎಂಥ ಈಜುಗಾರನಾದರೂ ಅಷ್ಟೆ.

“ಜಾಲರಿ ಸಡಿಲ ಇದೆ, ಬದಲಾಯಿಸಿ ಅಂತ ನಿಮ್ಮ ಮೈದುನ ಸಮಿತಿಯವರ ಎದುರಿಗೇ ಹೇಳಿದ್ದ. ಮುಂದಿನ ಬೇಸಿಗೆಗೆ ನೋಡೋಣ ಅಂದವನು ನಾನು. ಕೊಳಕು ನೀರಲ್ಲಿ ಸತ್ರು ಅಂದ್ರೆ ತಪ್ಪು ಅವನದು. ಜಾಲರಿ ಇಲ್ಲದ ತೂತಿಗೆ ಸಿಕ್ಕಿ ಸತ್ರು ಅಂದ್ರೆ ತಪ್ಪು ನನ್ನದು. ಬುದ್ಧಿ ಮಣ್ಣು ತಿಂತು ಅತ್ತಿಗೆ. ಸೋಡಾ ಸುರಿದು ಕಸಬರಿಗೆ ಕೋಲಲ್ಲಿ ಕಲೆಸಿದೆ.”

ಮೇಡಂ ಹೋಗಿ ಅತ್ತಿಗೆಯಾಗಿದ್ದಳು. ಸಿಕ್ಕಿಬಿದ್ದವರಿಗೆಲ್ಲ ಅವಳು ಅತ್ತಿಗೆಯೇ.

ಅವಳ ಎದೆ ಒಂದು ಗಳಿಗೆ ಹಗುರಾಯಿತು. ಇಷ್ಟು ಸಾಕು. ಪಾಚಿಯ ಆರೋಪ ಬಿತ್ತು. ಮೈದುನ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ.

“ಇದನ್ನೇ ಇನ್ಸ್‌ಪೆಕ್ಟರ ಎದುರಿಗೂ ಹೇಳ್ತೀರಾ?”

“ಹೇಳ್ತೀನಿ. ಆದ್ರೆ ಹೇಳಿದ್ರೆ ನಿಮ್ಮ ಮನೆಗೇ ಬೆಂಕಿ.” ಅವರು ತಲೆಯೆತ್ತಿದರು. “ಅದನ್ನ ಹೇಳೋಕೇ ಬಾಗಿಲು ಹಾಕಿದ್ದು. ತೂತಿನ ಪಕ್ಕ ಇನ್ನೊಂದು ಇತ್ತು. ನೀಲಿ ಬಟ್ಟೆ ಸುತ್ತಿದ್ದು.”

ಅತ್ತಿಗೆ ಕಿಟಕಿಗೆ ಮುಖವಿಟ್ಟಳು.

ಮಂಜು ತಳಕ್ಕೆ ಕೂತಿತ್ತು. ಬೆಳ್ಳನೆಯ ಮುದ್ದೆಯ ಹಾಸಿನ ನಡುವೆ ದುಂಡನೆಯ ಕಪ್ಪು ಬಾಯಿ. ಅದರ ಪಕ್ಕ ಜಾಲರಿ. ಜಾಲರಿಯ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ರು. ಹಿಡಿಗೆ ಸುತ್ತಿದ ಪಟ್ಟಿ ನೀಲಿಯಾಗಿರಲಿಲ್ಲ, ಎರಡು ದಿನದಲ್ಲಿ ಮಾಸಲು ಬಿಳಿಯಾಗಿತ್ತು. ಬಣ್ಣ ಹೋಗಿತ್ತು, ಗಂಟು ಹೋಗಿರಲಿಲ್ಲ. ನಿಂಬೆಹಣ್ಣಿನಷ್ಟು ದಪ್ಪನೆಯ, ಅತ್ತೆಯ ಕೈಯ ಗಂಟು.

“ನೋಡಿದ್ರಾ?” ಎಂದರು ಕಾರ್ಯದರ್ಶಿಗಳು ಪಿಸುದನಿಯಲ್ಲಿ. “ನಿಮ್ಮ ಮೈದುನಂದು.”

“ಅವನು ಆ ರಾತ್ರಿ ಮನೆಯಲ್ಲೇ ಮಲಗಿದ್ದ. ನಮ್ಮತ್ತೆ ನೋಡಿದ್ದಾರೆ.”

“ನೀವು ನೋಡಿದ್ರಾ?”

ಅವಳು ನೋಡಿರಲಿಲ್ಲ. ಬೇರೆ ಕೇಸಿಗೆಂದು ಪರ ಊರಿಗೆ ಹೋಗಿದ್ದಳು. ಆದರೆ ಆ ಸ್ಕ್ರೂಡ್ರೈವರ್ರು ಕ್ಲಬ್ಬಿನಲ್ಲಿರಲಿಲ್ಲ, ಮನೆಯಲ್ಲಿತ್ತು. ಮೈದುನ ಒಯ್ದದ್ದು ನಿಜ. ಭಾನುವಾರ ಬೀರುವಿನ ಬಾಗಿಲಿಗೆ ಅದನ್ನು ಹಿಡಿದದ್ದು ಮಾತ್ರ ಅವನಲ್ಲ. ಮೊಣಕಾಲೂರಿ ಕೂತು, ಸಣ್ಣಗೆ ಹಾಡು ಗುನುಗುತ್ತ, “ಎಣ್ಣೆ ಕೊಡೇ” ಎಂದು ಕೈ ಚಾಚಿದವರು...

ಜಾಸ್ತಿ ಕ್ಲೋರಿನ್ನು ಬಣ್ಣವನ್ನೇ ತಿಂದುಬಿಡುತ್ತೆ ಸಾರ್. ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ತಿರುಗಿ ಬಂತು.

ಕರೀ ಬನಿಯನ್ನು. ತುಕ್ಕಿನ ಬಣ್ಣ. ಎರಡು ದಿನದಿಂದ ಕೆಂಡದಂತಿದ್ದ ಕಣ್ಣುಗಳು. ಆ ಕಣ್ಣಿನ ರೆಪ್ಪೆ ಬಿಡಿಸಿ ಹನಿ ಹನಿಯಾಗಿ ಔಷಧಿ ಬಿಟ್ಟವಳು ಅವಳು. ಆ ಬನಿಯನ್ನನ್ನು ಒಗೆದು, ಹಿಂಡಿ, ತಂತಿಗೆ ಹಾಕಿದವಳೂ ಅವಳೇ. ಊರವರ ಬೆರಳಿನ ಗೆರೆ ಓದಿದವಳಿಗೆ ತನ್ನ ಮನೆಯ ಬಟ್ಟೆಯ ಬಣ್ಣ ಓದಲು ಬಂದಿರಲಿಲ್ಲ.

ಆಗ ಅವಳ ಬೆನ್ನ ಹಿಂದೆ ಪಂಪು ಕೆಮ್ಮಿತು.

ಒಮ್ಮೆ ಕೆಮ್ಮಿ, ನಡುಗಿ, ಗುರ್ರೆಂದು ಓಡತೊಡಗಿತು. ಕಾರ್ಯದರ್ಶಿಗಳು ಚಂಗನೆ ಎದ್ದರು. “ಯಾರು ಹಾಕಿದ್ದು? ಯಾರು ಹಾಕಿದ್ದು ಅದನ್ನ?”

ಗಾಜಿನಾಚೆ ತಳದ ಹಾಸು ಮಗ್ಗುಲು ಬದಲಾಯಿಸಿತು. ಬೆಳ್ಳನೆಯ ಎಳೆಗಳು ಆ ಕಪ್ಪು ಬಾಯಿಗೆ ಓಡಿ ಮಾಯವಾಗಿ, ನೀರು ಮರಳಿ ಬರುವ ಗೋಡೆಯ ತೂತುಗಳಿಂದ ಹೊಗೆಯಾಗಿ ಹೊರಬಂದವು. ಸ್ಕ್ರೂಡ್ರೈವರ್ರು ನಿಧಾನವಾಗಿ ತಿರುಗಿ ತೂತಿನ ಅಂಚಿಗೆ ಜಾರಿತು. ಆಮೇಲೆ ಅದೂ ಕಾಣಲಿಲ್ಲ.

ಕಾರ್ಯದರ್ಶಿಗಳು ವಾಲ್ವಿನತ್ತ ಕೈ ಚಾಚಿದರು. ಅವಳು ಆ ಕೈಯನ್ನು ಹಿಡಿದಳು. “ಮುಟ್ಟಬೇಡಿ. ಮೊಹರು ಒಡೆದ್ರೆ ಅದೂ ಸಾಕ್ಷಿ ಅಲ್ಲ.” ವಾಲ್ವು ಮುಚ್ಚಿದರೆ ಒಂದು ಸಾಕ್ಷಿ ಹೋಯಿತು, ಬಿಟ್ಟರೆ ಇನ್ನೊಂದು. ಕಿಟಕಿ ಮತ್ತೆ ಸುಣ್ಣದ ಗೋಡೆಯಾಯಿತು.

ಇನ್ಸ್‌ಪೆಕ್ಟರು ಆಚೆ ತುದಿಯಲ್ಲಿ. ಮೈದುನನ ಕೈಗೆ ಬೇಡಿ. ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡಬೇಡಿ ಎಂದು ಅವಳು ಕೈಯಾರೆ ನಿಲ್ಲಿಸಿ ಬಂದದ್ದು ಒಬ್ಬರನ್ನೇ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿದು ಬಂತು. ಮನೆಯ ಹೊಸ್ತಿಲಲ್ಲಿ ಪ್ರತಿ ಸಂಜೆ ಕೇಳುವ ಸದ್ದು. ಬಲಗಾಲು ತುಸು ಎಳೆದಂತೆ. ಬಾಗಿಲ ಹೊರಗೆ ನಿಂತಿತು. ಕಾರ್ಯದರ್ಶಿಗಳು ಕೂಗಲು ಬಾಯಿ ತೆರೆದರು. ಅವಳು ಅಂಗೈಯಿಂದ ಆ ಬಾಯಿ ಮುಚ್ಚಿದಳು.

“ಒಳಗಿದ್ದೀಯೇನೇ?”

ಅದೇ ಮೆತ್ತನೆಯ ದನಿ. ಎಣ್ಣೆ ಕೊಡೇ ಎಂದ ದನಿ.

“ಇದ್ದೀನಿ ರೀ.”

“ಒಬ್ಬಳೇನಾ?”

ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ. ಹೊರಗಡೆ ಕೈಯೊಂದು ಚಿಲಕದ ಮೇಲೆ ಬಂದು ಕೂತ ಸಣ್ಣ ಲೋಹದ ಸದ್ದಾಯಿತು.

“ಆ ಕಿಟಕೀಲಿ ಏನಾದ್ರೂ ಕಾಣಿಸ್ತಾ?” ಎಂದರು ಗಂಡ.

ಚಿಲಕ ಸರಿಯಲಿಲ್ಲ. ಅದು ಅವಳ ಉತ್ತರಕ್ಕೆ ಕಾಯುತ್ತಿತ್ತು.